ರೋಲ್ಫನ ಏಳು, ನನ್ನ ಐದು

ನನ್ನದೊಂದು ಕೆಟ್ಟ ಚಾಳಿ ಇದೆ, ಮೊದಲೇ ಹೇಳಿಬಿಡುತ್ತೇನೆ. ನನಗೆ ಏನನ್ನೂ ಆರಿಸಲು ಬರುವುದಿಲ್ಲ. ಹಾಗಂತ ಸುಮ್ಮನೆ ಕೂರುವವನೂ ಅಲ್ಲ. ಆರಿಸುತ್ತಲೇ ಇರುತ್ತೇನೆ, ಮುಗಿಸುವುದಿಲ್ಲ ಅಷ್ಟೆ. ಒಂದು ಪ್ರೆಶರ್ ಕುಕ್ಕರ್ ಕೊಳ್ಳೋಣ ಎಂದು ಮೂರು ತಿಂಗಳು ವಿಮರ್ಶೆಗಳನ್ನು ಓದಿದೆ. ಅಷ್ಟರಲ್ಲಿ ಊರಿಗೆ ಹೋಗಿದ್ದ ಹೆಂಡತಿ ಶೋಭಾ, ಕಣ್ಣಿಗೆ ಬಿದ್ದ ಮೊದಲ ಕುಕ್ಕರನ್ನು ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದೇಬಿಟ್ಟಳು. ಅದು ಹತ್ತು ವರ್ಷದಿಂದ ಸರಿಯಾಗಿಯೇ ಸೀಟಿ ಹೊಡೆಯುತ್ತಿದೆ. ನನ್ನ ಮದುವೆಯನ್ನು ಹಿರಿಯರು ನಿಶ್ಚಯಿಸಿದ್ದು ಎಷ್ಟು ಒಳ್ಳೆಯದಾಯಿತು ಅಂತ ಎಷ್ಟೋ ಸಲ ಅನ್ನಿಸಿದೆ. ನನ್ನ ಕೈಗೇ ಬಿಟ್ಟಿದ್ದರೆ ಈ ಐವತ್ತರ ವಯಸ್ಸಿನಲ್ಲೂ ಎಕ್ಸೆಲ್ ಹಾಳೆಯಲ್ಲಿ ಯಾವುದೋ ಒಂದು ಕಾಲಂ ಖಾಲಿ ಇದೆ ಅಂತ ಕೂತಿರುತ್ತಿದ್ದೆ.

ಇಂಥ ನನಗೆ ಕಳೆದ ಬೇಸಿಗೆಯಲ್ಲಿ ಒಂದು ಆಯ್ಕೆಯ ಜವಾಬ್ದಾರಿ ಬಂತು. ಮನೆಯಲ್ಲಿ ಬಿಯರ್ ಮಾಡುವವರು ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿ ಒಂದು ಗಂಟೆ ಇಡುತ್ತಾರಲ್ಲ, ಆ ಒಂದು ಗಂಟೆ ಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ವ್ಯವಸ್ಥೆಯೊಂದನ್ನು ಆರಿಸಬೇಕಿತ್ತು. ಬಿಯರ್ ಎಂದ ಕೂಡಲೇ ಹುಬ್ಬೇರಿಸಬೇಡಿ. ಅರ್ಧ ಗ್ಲಾಸಿಗೇ ಆಕಳಿಸುವ ಆಸಾಮಿ ನಾನು. ಈ ಬಿಯರ್ ನನ್ನದಲ್ಲ, ರೋಲ್ಫನದು.

ರೋಲ್ಫ್ ನಮ್ಮ ಕೆಳಗಿನ ಮನೆಯವನು. ಎಪ್ಪತ್ತೊಂದು ವರ್ಷ, ಆರಡಿ ಮೇಲೆ ಮೂರು ಇಂಚು, ನಾಲ್ಕು ಮಾತಿಗೆ ಒಂದು ಉತ್ತರ. ಸ್ವೀಡನ್ನಿನಲ್ಲಿ ನಾವಿರುವ ವೆಸ್ಟೆರಾಸಿನ ಅರ್ಧ ಊರಿನ ಹಾಗೆ ಅವನೂ ಜೀವಮಾನವೆಲ್ಲ ವಿದ್ಯುತ್ ಸಲಕರಣೆ ಜೋಡಿಸುವ ಕೆಲಸದಲ್ಲಿದ್ದು ನಿವೃತ್ತನಾದವನು. ನಾನೂ ಈ ಊರಿಗೆ ಬಂದದ್ದು ಅದೇ ಬಾಬತ್ತಿನ ಕೆಲಸಕ್ಕೇ. ದೊಡ್ಡ ದೊಡ್ಡ ಯಂತ್ರಗಳು ಕಾಯದಂತೆ ನೋಡಿಕೊಳ್ಳುವ ನಿಯಂತ್ರಣ ವ್ಯವಸ್ಥೆ ಬರೆಯುವುದು ನನ್ನ ಹೊಟ್ಟೆಪಾಡು. ನಮ್ಮ ಲ್ಯಾಬಿನಲ್ಲಿ ಪ್ರತಿಯೊಂದು ಅಳತೆಯ ಸಾಧನದ ಮೇಲೂ ಒಂದು ಚಿಕ್ಕ ಚೀಟಿ ಅಂಟಿಸಿರುತ್ತೇವೆ: ಮುಂದಿನ ತಪಾಸಣೆ ಯಾವ ತಿಂಗಳು, ಯಾವ ವರ್ಷ ಅಂತ. ಆ ದಿನ ದಾಟಿದ ಸಾಧನ ಎಷ್ಟೇ ಸರಿಯಾಗಿ ಹೇಳಿದರೂ ನಾವು ನಂಬುವ ಹಾಗಿಲ್ಲ. ಇದನ್ನು ಒಮ್ಮೆ ರೋಲ್ಫನಿಗೆ ಹೇಳಿದಾಗ ಅವನು ಬಹಳ ಹೊತ್ತು ತಲೆದೂಗಿದ್ದ. ಸ್ವೀಡನ್ನಿನವರಿಗೆ ಇಂಥ ವಿಷಯ ಕೇಳಿದರೆ ನಮಗೆ ಒಳ್ಳೆಯ ಸಂಗೀತ ಕೇಳಿದಷ್ಟು ಖುಷಿ.

ಹನ್ನೊಂದು ವರ್ಷದ ಹಿಂದೆ, ನಾವು ಈ ಕಟ್ಟಡಕ್ಕೆ ಬಂದ ಮೊದಲ ಅಕ್ಟೋಬರ್. ಮೆಟ್ಟಿಲಲ್ಲಿ ಎದುರಾದವರು ಹಾಯ್ ಅನ್ನುತ್ತಿದ್ದರು, ನಾನೂ ಹಾಯ್ ಅನ್ನುತ್ತಿದ್ದೆ, ಅಲ್ಲಿಗೆ ಅಂದಿನ ಸಮಾಜ ಜೀವನ ಮುಗಿಯುತ್ತಿತ್ತು. ಸಂಜೆ ಆರಕ್ಕೆಲ್ಲ ಕತ್ತಲು. ಒಂದು ಶನಿವಾರ ಕಸ ಹಾಕಲು ಹೋದವನಿಗೆ ನೆಲಮಾಳಿಗೆಯಿಂದ ಒಂದು ವಾಸನೆ ಬಂತು. ನನ್ನ ಬಾಲ್ಯದ ರಾಗಿ ಮಾಲ್ಟಿನ ವಾಸನೆ ಅದು, ಅದೇ ಬೆಚ್ಚಗಿನ, ಸಿಹಿಯಾದ, ಸ್ವಲ್ಪ ಹುರಿದ ಹಾಗಿರುವ ವಾಸನೆ. ವಾಸನೆಯ ಜಾಡು ಹಿಡಿದು ಹೋಗಿ ನೋಡಿದರೆ ಕಟ್ಟಡದವರೆಲ್ಲ ಸರದಿಯಲ್ಲಿ ಬಳಸುವ ಹಾಬಿ ರೂಮಿನಲ್ಲಿ ಈ ಎತ್ತರದ ಮನುಷ್ಯ ದೊಡ್ಡ ಪಾತ್ರೆಯ ಮುಂದೆ ನಿಂತಿದ್ದ. ನನ್ನನ್ನು ನೋಡಿದ. ಯಾರು, ಎಲ್ಲಿಂದ ಬಂದೆ, ಯಾವಾಗ ವಾಪಸ್ಸು ಹೋಗುತ್ತೀಯ, ಏನೂ ಕೇಳಲಿಲ್ಲ. ಕೈಯಲ್ಲಿದ್ದ ಮರದ ಸೌಟನ್ನು ನನ್ನ ಕಡೆ ಚಾಚಿ, "ಕದಡು," ಅಂದ.

ಕದಡಿದೆ. ಈ ದೇಶದಲ್ಲಿ ಸಂಬಳ ಕೊಡದೆ ನನಗೆ ಕೆಲಸ ಹೇಳಿದ ಮೊದಲ ಮನುಷ್ಯ ಅವನು. ಅಂದು ನನಗಾದ ನೆಮ್ಮದಿಯನ್ನು ಹೇಗೆ ಹೇಳಲಿ. ಮನೆಗೆ ಬಂದು ಶೋಭಾಗೆ, "ಇಲ್ಲಿ ಇರಬಹುದು ಕಣೇ," ಅಂದೆ. ಅವಳು, "ಮೊದಲು ಬಟ್ಟೆ ಬದಲಾಯಿಸಿ, ಮಾಲ್ಟ್ ವಾಸನೆ," ಅಂದಳು. ನಾಗರಾಜ ಅನ್ನುವ ನನ್ನ ಹೆಸರನ್ನು ರೋಲ್ಫ್ ಅಂದೇ ನಾಗ್ಗೆ ಅಂತ ಕತ್ತರಿಸಿಟ್ಟುಕೊಂಡ. ಅಂದಿನಿಂದ ಪ್ರತಿ ಅಕ್ಟೋಬರ್‌ನ ಒಂದು ಶನಿವಾರ ನಾನು ಅವನ ಕದಡುವವನು. ಆ ಬಿಯರ್ ಕ್ರಿಸ್‌ಮಸ್‌ಗೆ ನಾಲ್ಕು ವಾರ ಮುಂಚಿನ ಭಾನುವಾರ, ನಮ್ಮ ಅಂಗಳದಲ್ಲಿ ಮೊದಲ ಮೇಣದ ಬತ್ತಿ ಹಚ್ಚುವ ದಿನ, ಇಡೀ ಕಟ್ಟಡಕ್ಕೆ ಹಂಚಿಹೋಗುತ್ತದೆ. ವರ್ಷವೆಲ್ಲ ಬರೀ ಹಾಯ್ ಅನ್ನುವವರು ಅಂದು ಒಂದೊಂದು ಗ್ಲಾಸ್ ಹಿಡಿದು, ಲಾಂಡ್ರಿ ರೂಮಿನ ಸರದಿಯ ವಿಷಯವಾಗಿಯಾದರೂ ಸರಿ, ನಾಲ್ಕು ಮಾತಾಡುತ್ತಾರೆ.

ಈಗ ಆ ಒಂದು ಗಂಟೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ತಿಪಟೂರಿನ ಮನೆಯಲ್ಲಿ ಅಮ್ಮ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು ಬೀಸುತ್ತಿದ್ದಳು. ಮಾಲ್ಟ್ ಅಂದರೆ ಅಷ್ಟೇ. ಹುಟ್ಟುವ ದಿನ ಬಂತು ಅಂತ ಕಾಳನ್ನು ನಂಬಿಸಿ, ಅದು ಗಂಟುಮೂಟೆ ಬಿಚ್ಚಿದ ಕೂಡಲೇ ಒಣಗಿಸಿಬಿಡುವ ಮೋಸ. ಆ ಬಿಚ್ಚಿದ ಗಂಟಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳಿರುತ್ತವೆ. ನಮ್ಮಜ್ಜಿ ಮಗುವಿನ ಗಂಜಿ ಗಟ್ಟಿಯಾದರೆ ಅರ್ಧ ಚಮಚ ಮೊಳಕೆ ಹಿಟ್ಟು ಹಾಕಿ ಕದಡುತ್ತಿದ್ದಳು. ನೋಡನೋಡುತ್ತ ಗಂಜಿ ನೀರಾಗುತ್ತಿತ್ತು. ರೋಲ್ಫನ ಬಾರ್ಲಿಯಲ್ಲೂ ಅವೇ ಕೆಲಸಗಾರರು. ಅವರಲ್ಲಿ ಎರಡು ಪಂಗಡ. ಒಂದಕ್ಕೆ ಅರವತ್ಮೂರು ಡಿಗ್ರಿ ಹಿತ, ಇನ್ನೊಂದಕ್ಕೆ ಎಪ್ಪತ್ತು. ಮೊದಲನೆಯವರ ಕೈ ಮೇಲಾದರೆ ಬಿಯರ್ ತೆಳ್ಳಗೆ, ಎರಡನೆಯವರದು ಮೇಲಾದರೆ ಸಿಹಿಯಾಗಿ ಮಂದ. ಎಪ್ಪತ್ತೆಂಟರ ಆಸುಪಾಸು ದಾಟಿದರೆ ಇಬ್ಬರೂ ಸತ್ತರು. ರೋಲ್ಫನ ಬಿಯರ್ ಇರುವುದು ಅರವತ್ತಾರರಲ್ಲಿ, ಇಬ್ಬರಿಗೂ ಅಷ್ಟೇನೂ ಹಿತವಲ್ಲದ ಆದರೆ ಇಬ್ಬರೂ ಒಪ್ಪಿಕೊಂಡು ಕೆಲಸ ಮಾಡುವ ಜಾಗದಲ್ಲಿ. ಬಹಳ ಸ್ವೀಡಿಷ್ ಬಿಯರ್ ಅದು.

ನೀರನ್ನು ಎಪ್ಪತ್ತೆರಡಕ್ಕೆ ಕಾಯಿಸಿ ಮಾಲ್ಟ್ ಸುರಿದರೆ ಅರವತ್ತಾರಕ್ಕೆ ಇಳಿಯುತ್ತದೆ. ಆಮೇಲೆ ಒಂದು ಗಂಟೆ ಅದು ಅಲ್ಲೇ ನಿಲ್ಲಬೇಕು. ಇದಕ್ಕೆ ರೋಲ್ಫ್ ಬಳಸುತ್ತಿದ್ದದ್ದು ತನ್ನ ಅಂಗೈಯನ್ನು. ಪಾತ್ರೆಯ ಹೊಟ್ಟೆಗೆ ದಪ್ಪ ಉಣ್ಣೆಯ ಪಟ್ಟಿಯೊಂದನ್ನು ಸುತ್ತಿರುತ್ತಿದ್ದ. ಅದರ ಮೇಲೆ ಅಂಗೈ ಊರಿ ನಿಧಾನವಾಗಿ ಎಣಿಸುವುದು. ಏಳಕ್ಕೆ ಕೈ ತೆಗೆಯಬೇಕು ಅನ್ನಿಸಿದರೆ ನೀರು ಸಿದ್ಧ. ಮಾಲ್ಟ್ ಹಾಕಿದ ಮೇಲೂ ಹತ್ತು ನಿಮಿಷಕ್ಕೊಮ್ಮೆ ಹೀಗೇ ಕೈಯಿಟ್ಟು, ತಣ್ಣಗಾಗುತ್ತಿದೆ ಅನ್ನಿಸಿದರೆ ಒಲೆ ಸ್ವಲ್ಪ ಏರಿಸುವುದು. ನಾನು ಮೊದಲ ವರ್ಷವೇ ಕಳ್ಳತನದಿಂದ ನನ್ನ ಲ್ಯಾಬ್ ಥರ್ಮಾಮೀಟರಿನಿಂದ ಅಳೆದು ನೋಡಿದ್ದೆ. ಅವನು ಏಳು ಅಂದಾಗ ಎಪ್ಪತ್ತೆರಡು, ಅರ್ಧ ಡಿಗ್ರಿಯ ವ್ಯತ್ಯಾಸವೂ ಇಲ್ಲ. ಅವನ ಹತ್ತಿರ ಒಂದು ಹಳೆಯ ನೋಟ್‌ಬುಕ್ ಇದೆ. ವರ್ಷಕ್ಕೊಂದು ಸಾಲು: ದಿನಾಂಕ, ಮಾಲ್ಟಿನ ತೂಕ, ಕೊನೆಯಲ್ಲಿ ಒಂದು ಅಂಕಿ. ಪುಟದ ಮೇಲಿಂದ ಕೆಳಗಿನವರೆಗೂ ಆ ಅಂಕಿ ಏಳೇ.

ಹೋದ ವರ್ಷಕ್ಕೆ ಮುಂಚಿನ ಚಳಿಗಾಲದಲ್ಲಿ ರೋಲ್ಫನಿಗೆ ಕಾಯಿಲೆ ಬಂತು. ಸುಮಾರು ದೊಡ್ಡ ಕಾಯಿಲೆ, ಹೆಸರು ಬೇಡ. ಔಷಧಿ ಕಾಯಿಲೆಯನ್ನೇನೋ ಹಿಮ್ಮೆಟ್ಟಿಸಿತು, ಜೊತೆಗೆ ಅವನ ಬೆರಳು, ಅಂಗೈಗಳ ನರಗಳನ್ನೂ ಮಂಕು ಮಾಡಿತು. ಅಂಗಿಯ ಗುಂಡಿ ಹಾಕಲು ಹೆಂಡತಿ ಗುನಿಲ್ಲಾ ಬೇಕಾಗುತ್ತಿತ್ತು. ಅವನು ಇದನ್ನು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಅದರ ಮುಂದಿನ ಅಕ್ಟೋಬರ್‌ನಲ್ಲಿ ನನಗೆ ಆಫೀಸಿನ ಕೆಲಸ ಬಂದು ಯೋನ್‌ಶೋಪಿಂಗ್‌ಗೆ ಹೋಗಬೇಕಾಯಿತು. ರೋಲ್ಫ್ ಒಬ್ಬನೇ ಬಿಯರ್ ಮಾಡಿದ.

ಉಣ್ಣೆಪಟ್ಟಿಯ ಮೇಲೆ ಕೈಯಿಟ್ಟು ಎಣಿಸಿದನಂತೆ. ಏಳಾಯಿತು, ಹತ್ತಾಯಿತು, ಇಪ್ಪತ್ತಾಯಿತು, ಬಿಸಿಯೇ ಇಲ್ಲ. ಅವನು ಏನೆಂದುಕೊಂಡ ಗೊತ್ತೇ? ಪಟ್ಟಿ ಹಳೆಯದಾಗಿ ಗಟ್ಟಿಯಾಗಿದೆ, ಶಾಖ ಬಿಡುತ್ತಿಲ್ಲ ಅಂತ. ಇಷ್ಟು ವರ್ಷದ ತನ್ನ ಕೈಯ ಮೇಲೆ ಅನುಮಾನ ಪಡಲು ಅವನಿಗೆ ಮನಸ್ಸು ಬರಲಿಲ್ಲ, ಪಾಪದ ಪಟ್ಟಿಯ ಮೇಲೆ ತಪ್ಪು ಹೊರಿಸಿದ. ಪಟ್ಟಿ ಬಿಚ್ಚಿ ಬರಿ ಪಾತ್ರೆಗೇ ಅಂಗೈ ಒತ್ತಿದ. ಆಗಲೂ ಏನೂ ತಿಳಿಯಲಿಲ್ಲ, ಉರಿ ಏರಿಸಿದ. ಗುನಿಲ್ಲಾ ಕಾಫಿ ತಂದಾಗ ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಆ ವರ್ಷದ ಬಿಯರ್ ಹುಳಿ ಹಿಡಿಯಲೂ ಇಲ್ಲ, ಹುದುಗಲೂ ಇಲ್ಲ, ಹಿಟ್ಟಿನ ನೀರಿನಂತೆ ಉಳಿಯಿತು. ಅವನೇ ಅದನ್ನು ಚರಂಡಿಗೆ ಸುರಿದ. ಅಂಗಳದಲ್ಲಿ ಬತ್ತಿ ಹಚ್ಚಿದ ಭಾನುವಾರ ಯಾರೋ ಅಂಗಡಿಯ ಬಿಯರ್ ತಂದಿದ್ದರು. ಎಲ್ಲರೂ ಬಹಳ ಚೆನ್ನಾಗಿದೆ ಅಂದು ಬೇಗ ಮನೆಗೆ ಹೋದರು.

ಬಿಯರ್ ಕೆಟ್ಟಿತು ಅಂತಷ್ಟೇ ತಿಳಿದಿದ್ದ ನನಗೆ ಇದೆಲ್ಲ ಗೊತ್ತಾದದ್ದು ಮುಂದಿನ ಮೇ ತಿಂಗಳಲ್ಲಿ. ಮೆಟ್ಟಿಲ ಬಳಿಯ ನೋಟಿಸ್ ಬೋರ್ಡಿನಲ್ಲಿ ಅವನ ಕೈಬರಹದ ಚೀಟಿಯೊಂದಿತ್ತು: ಬಿಯರ್ ಪಾತ್ರೆ, ಸೌಟು, ಪಟ್ಟಿ, ಉಚಿತವಾಗಿ ಕೊಡಲಾಗುವುದು. ಅಕ್ಷರಗಳು ಅಡ್ಡಾದಿಡ್ಡಿ. ಕೆಳಗೆ ಹೋಗಿ ಬಾಗಿಲು ತಟ್ಟಿದೆ. ಅವನು ಕೈ ತೋರಿಸಿ, ಏನಾಯಿತೆಂದು ಹವಾಮಾನದ ವಿಷಯ ಹೇಳುವವನಂತೆ ಹೇಳಿದ. ಆಗ ಇನ್ನೊಂದು ನನ್ನ ಗಮನಕ್ಕೆ ಬಂತು. ರೋಲ್ಫ್ ಮುಂದಿನ ವರ್ಷ ಅನ್ನುವ ಮಾತನ್ನೇ ಬಿಟ್ಟುಬಿಟ್ಟಿದ್ದ. ಮೊದಲೆಲ್ಲ ಬಿಯರ್ ಮಾಡಿದ ದಿನವೇ ಮುಂದಿನ ವರ್ಷಕ್ಕೆ ಹಾಬಿ ರೂಮ್ ಬರೆಸಿ ಬರುತ್ತಿದ್ದವನು ಈಗ ಮುಂದಿನ ವಾರದ ಮಾತಿಗೂ 'ನೋಡೋಣ' ಅನ್ನುತ್ತಿದ್ದ. ಪಾತ್ರೆ ಹೋದರೆ ಅದರ ಜೊತೆ ಇನ್ನೂ ಏನೋ ಹೋಗುತ್ತದೆ ಅಂತ ಭಯವಾಯಿತು. ಮೇಲೆ ಬಂದು ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಮತ್ತೆ ಕೆಳಗಿಳಿದು ಹೋಗಿ ಹೇಳಿದೆ: ಈ ಅಕ್ಟೋಬರ್‌ಗೆ ಹಾಬಿ ರೂಮ್ ನಾನು ಬರೆಸುತ್ತೇನೆ. ಬಿಸಿ ಹಿಡಿದಿಡುವ ವ್ಯವಸ್ಥೆಯನ್ನೂ ನಾನೇ ಆರಿಸುತ್ತೇನೆ. ನನ್ನ ಕಸುಬೇ ಅದು.

ಆರಿಸುತ್ತೇನೆ ಅಂದೆ, ನೋಡಿ. ನನ್ನನ್ನು ಬಲ್ಲವರು ಯಾರಾದರೂ ಅಲ್ಲಿದ್ದಿದ್ದರೆ ನಕ್ಕುಬಿಡುತ್ತಿದ್ದರು.

ಜೂನ್ ತಿಂಗಳು ಓದಿನಲ್ಲಿ ಹೋಯಿತು. ಮಾರುಕಟ್ಟೆಯಲ್ಲಿ ಮೂರು ಬಗೆ ಇವೆ ಅಂತ ತಿಳಿಯಿತು. ಒಂದು, ಎಲ್ಲವೂ ಒಳಗೇ ಇರುವ ವಿದ್ಯುತ್ ಪಾತ್ರೆ; ಕೆಳಗೆ ಹೀಟರ್, ಪಕ್ಕದಲ್ಲಿ ಪಂಪು, ಮೇಲೆ ಹೊಳೆಯುವ ಅಂಕಿ. ಎರಡು, ಮಾಲ್ಟಿನ ರಸವನ್ನು ಕೊಳವೆಯಲ್ಲಿ ಹರಿಸಿ ಹೀಟರಿನ ಮೇಲೆ ಹಾಯಿಸಿ ವಾಪಸ್ಸು ಸುರಿಯುವುದು. ಮೂರು, ಆ ಕೊಳವೆಯನ್ನು ಸುರುಳಿ ಮಾಡಿ ಬಿಸಿನೀರಿನ ಇನ್ನೊಂದು ಪಾತ್ರೆಯಲ್ಲಿ ಮುಳುಗಿಸುವುದು. ಪ್ರತಿಯೊಂದಕ್ಕೂ ಭಕ್ತರ ಪಂಗಡಗಳಿವೆ. ಅವರ ಚರ್ಚೆಗಳನ್ನು ಓದಿದ ಮೇಲೆ ನಮ್ಮೂರಲ್ಲಿ ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಅಂತ ನಡೆಯುವ ಜಗಳ ಬಹಳ ಸೌಮ್ಯ ಅನ್ನಿಸಿತು. ನಾನು ಎಕ್ಸೆಲ್ ಹಾಳೆ ತೆರೆದೆ. ನಿಖರತೆ, ತೊಳೆಯುವ ಕಷ್ಟ, ಪಂಪಿನ ಸದ್ದು, ದಪ್ಪ ಬೆರಳಿಗೆ ಒತ್ತಲು ಬರುವ ಗುಂಡಿಗಳು ಇವೆಯೇ ಇಲ್ಲವೇ. ಕಾಲಂಗಳು ಬೆಳೆದವು.

ಥರ್ಮಾಮೀಟರ್ ನೋಡಿಕೊಂಡು ಕೆಲಸ ಮಾಡಿದರೆ ಸಾಲದೇ ಅಂತ ನೀವು ಕೇಳಬಹುದು. ಶೋಭಾ ಕೂಡ ಕೇಳಿದಳು. ಎಷ್ಟು ಬಿಸಿ ಇದೆ ಅಂತ ತಿಳಿಯುವುದು ಬೇರೆ, ಅಷ್ಟೇ ಬಿಸಿ ಒಂದು ಗಂಟೆ ಇರುವಂತೆ ನೋಡಿಕೊಳ್ಳುವುದು ಬೇರೆ ಅಂತ ಅರ್ಧ ಗಂಟೆ ವಿವರಿಸಿದೆ. ತೆಳ್ಳನೆಯ ಉಕ್ಕಿನ ಪಾತ್ರೆ ಬೇಗ ಆರುತ್ತೆ, ಏರಿಸಿದರೆ ತಳ ಹತ್ತುತ್ತೆ, ರೋಲ್ಫನಿಗೆ ಈಗ ಅಷ್ಟು ಹೊತ್ತು ನಿಂತು ಕದಡಲು ಆಗಲ್ಲ, ನಾನು ಪ್ರತಿ ವರ್ಷವೂ ಊರಲ್ಲೇ ಇರುತ್ತೇನೆ ಅನ್ನುವ ಹಾಗಿಲ್ಲ. ಅವಳು "ಹೂಂ" ಅಂದಳು. ನನ್ನ ಹೆಂಡತಿಯ ಈ ಹೂಂಕಾರದಲ್ಲಿ ಒಪ್ಪಿಗೆ ಎಷ್ಟು, ಬೇಸರ ಎಷ್ಟು ಅಂತ ಅಳೆಯುವ ಸಾಧನ ಇನ್ನೂ ಬಂದಿಲ್ಲ.

ಆಗಸ್ಟಿನಲ್ಲಿ ಈ ವಿಷಯವನ್ನು ಆಫೀಸಿನ ಫಿಕಾಗೆ ಒಯ್ದೆ. ಫಿಕಾ ಅಂದರೆ ಇಲ್ಲಿ ದಿನಕ್ಕೆರಡು ಸಲ ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿಯುವ ಕಡ್ಡಾಯ ಸಂಪ್ರದಾಯ. ಉಷ್ಣ ನಿಯಂತ್ರಣದಲ್ಲಿ ನುರಿತ ಏಳು ಜನ ಎಂಜಿನಿಯರುಗಳ ಮುಂದೆ ಪ್ರಶ್ನೆ ಇಟ್ಟೆ. ಪ್ರತಿಯೊಬ್ಬರೂ ಪಾಳಿಯಂತೆ ಅಭಿಪ್ರಾಯ ಹೇಳಿದರು, ಯಾರೂ ಯಾರ ಮಾತನ್ನೂ ಕತ್ತರಿಸಲಿಲ್ಲ. ಕೊನೆಗೆ ಎಲ್ಲರ ಮಾತಿನಲ್ಲೂ ತಥ್ಯವಿದೆ, ಇನ್ನೊಂದು ಸಲ ಕೂರೋಣ ಅನ್ನುವ ಸರ್ವಾನುಮತಕ್ಕೆ ಬಂದೆವು. ಬೆಂಗಳೂರಿನಲ್ಲಾಗಿದ್ದರೆ ಅರ್ಧ ಕಾಫಿಗೇ ಯಾರಾದರೂ "ಗುರು, ಇದನ್ನ ತಗೋ, ಮುಗಿಸು" ಅಂದಿರುತ್ತಿದ್ದರು. ತಪ್ಪೇ ಹೇಳಿದ್ದರೂ ಹೇಳಿರುತ್ತಿದ್ದರು. ಸ್ವೀಡನ್ನಿನ ನಿಧಾನದ ಜೊತೆ ನನ್ನ ನಿಧಾನವನ್ನೂ ಹೊತ್ತುಕೊಂಡು ಸೆಪ್ಟೆಂಬರಿಗೆ ಬಂದೆ. ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ ರೋಲ್ಫ್, ಅವಸರವೇನಿಲ್ಲ ಅನ್ನುತ್ತಿದ್ದ. ಅವನು ಹಾಗಂದಾಗೆಲ್ಲ ನನಗೆ ಚುರುಕ್ಕೆನ್ನುತ್ತಿತ್ತು. ಇನ್ನು ಎರಡು ಸಲ ಅವಸರವಿಲ್ಲ ಅಂದರೆ ಮತ್ತೆ ಆ ಚೀಟಿ ಬೋರ್ಡಿಗೆ ಬರುತ್ತದೆ ಅಂತ ನನಗೆ ಗೊತ್ತಿತ್ತು.

ಕೊಳ್ಳುವುದೇ ಬೇಡ, ನಾನೇ ಮಾಡುತ್ತೇನೆ ಅಂತ ತೀರ್ಮಾನಿಸಿದ್ದು ಬಹುಶಃ ಈ ಚುರುಕಿನಿಂದಲೇ. ಲ್ಯಾಬಿನಲ್ಲಿ ಬಿಸಾಡಲು ಇಟ್ಟಿದ್ದ ನಿಯಂತ್ರಕವೊಂದನ್ನು ಕೇಳಿ ತಂದೆ. ನಮ್ಮ ಸಾಂಬಾರಿನ ದೊಡ್ಡ ಪಾತ್ರೆಗೆ ಹೀಟರ್ ಕೂರಿಸಿ, ಸೆನ್ಸರ್ ಇಳಿಬಿಟ್ಟು, ಪ್ರಯೋಗಕ್ಕೆಂದು ಓಟ್ಸ್ ಗಂಜಿ ತುಂಬಿದೆ. ಹತ್ತು ನಿಮಿಷದಲ್ಲಿ ಅಂಕಿ 66.0ಕ್ಕೆ ಬಂದು ನಿಂತಿತು. ಅಲ್ಲಾಡಲಿಲ್ಲ. ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಮಗಳು ಅದಿತಿಯನ್ನು ಕರೆದು, "ನೋಡು, ನಿಮ್ಮಪ್ಪ ದಿನವೂ ಮಾಡೋ ಕೆಲಸ ಇದು," ಅಂದೆ. ಹದಿಮೂರು ವರ್ಷದವಳು, ಫೋನಿನಿಂದ ತಲೆ ಎತ್ತಿ, ಸ್ವೀಡಿಷ್‌ನಲ್ಲಿ, ಗಂಜಿ ಯಾಕೆ ಸುಟ್ಟ ವಾಸನೆ ಬರುತ್ತಿದೆ ಅಂತ ಕೇಳಿದಳು.

ಶೋಭಾ ಬಂದು ಸೌಟನ್ನು ಪಾತ್ರೆಯ ನಡುವಿಗೆ ಇಳಿಸಿ, ಒಂದು ತೊಟ್ಟು ಗಂಜಿಯನ್ನು ಮಣಿಕಟ್ಟಿನ ಮೇಲೆ ಬಿಟ್ಟುಕೊಂಡಳು. ಅದಿತಿ ಹಾಲು ಕುಡಿಯುವಾಗ ಹಾಗೆಯೇ ನೋಡುತ್ತಿದ್ದಳು. "ಇದು ಉಗುರು ಬೆಚ್ಚಗಿದೆ ರೀ," ಅಂದಳು. ನಾನು ಪರದೆ ತೋರಿಸಿದೆ. ಅವಳು ಮಣಿಕಟ್ಟು ತೋರಿಸಿದಳು. ಇನ್ನೊಂದು ಥರ್ಮಾಮೀಟರ್ ತಂದು ನಡುವೆ ಚುಚ್ಚಿದರೆ ನಲವತ್ತನಾಲ್ಕು. ತಳದಲ್ಲಿ ಗಂಜಿ ಕರಕಲು. ನನ್ನ ಸೆನ್ಸರ್ ಹೀಟರಿನ ಮಗ್ಗುಲಲ್ಲೇ ಬೆಚ್ಚಗೆ ಕೂತು, ತನಗೆ ಹಿತವಾಗಿದೆ ಅಂದಮೇಲೆ ಲೋಕಕ್ಕೆಲ್ಲ ಹಿತವಾಗಿದೆ ಅಂತ ವರದಿ ಒಪ್ಪಿಸುತ್ತಿತ್ತು. ಇಪ್ಪತ್ತಾರು ವರ್ಷದ ಅನುಭವ ಇರುವ ಎಂಜಿನಿಯರ್ ಮಾಡುವ ತಪ್ಪಲ್ಲ ಇದು. ಹೊಸಬರಿಗೆ ಮೊದಲ ವಾರ ನಾನೇ ಹೇಳಿಕೊಡುವ ಪಾಠ. ಬಹಳ ನಾಚಿಕೆಯಾಯಿತು. ಆ ಪಾತ್ರೆಯನ್ನು ಉಜ್ಜಿದ್ದೂ ನಾನೇ.

ಹಾಬಿ ರೂಮಿನ ಶನಿವಾರಕ್ಕೆ ಒಂದು ವಾರ ಉಳಿಯಿತು. ಈಗ ಯಂತ್ರ ತರಿಸಿದರೂ ಬರುವುದಿಲ್ಲ. ರೋಲ್ಫನಿಗೆ ಏನು ಹೇಳುವುದು ಅಂತ ವಾಕ್ಯ ಜೋಡಿಸುತ್ತ, ಅಡುಗೆಮನೆಯ ಕಿಟಕಿಯ ಬಳಿ, ನಾನು ನಾಲ್ಕು ತಿಂಗಳಿಂದ ಕೂತು ಸಂಶೋಧನೆ ಮಾಡುವ ಜಾಗದಲ್ಲಿ ಕೂತಿದ್ದೆ. ಶೋಭಾ ಅಕ್ಕಿ, ಉದ್ದು ರುಬ್ಬಿ ಮುಗಿಸಿ ಬಂದು ನಿಂತಳು.

"ಏಳಿ, ಡಬ್ಬ ಬೇಕು."

ಎದ್ದೆ. ನಾನು ಕೂತಿದ್ದದ್ದು ನಮ್ಮ ನೀಲಿ ಪಿಕ್ನಿಕ್ ಡಬ್ಬದ ಮೇಲೆ. ಬೇಸಿಗೆಯಲ್ಲಿ ಸರೋವರದ ದಂಡೆಗೆ ಹೋಗುವಾಗ ಮಜ್ಜಿಗೆ, ಹಣ್ಣು ತಣ್ಣಗಿಡಲು ಅಂತ ಕೊಂಡದ್ದು. ಆದರೆ ಇದೇ ಚಳಿಯ ದೇಶದಲ್ಲಿ ಹತ್ತು ವರ್ಷದಿಂದ ನಮ್ಮ ಇಡ್ಲಿ ಹಿಟ್ಟು ಉಬ್ಬುವುದೂ ಇದರೊಳಗೇ. ಹಿಟ್ಟಿನ ಪಾತ್ರೆ, ಪಕ್ಕದಲ್ಲೊಂದು ಬಿಸಿನೀರಿನ ಬಾಟಲಿ, ಮೇಲೊಂದು ಹಳೆ ಶಾಲು, ಮುಚ್ಚಳ. ಹೊರಗೆ ಮೈನಸ್ ಹದಿನೈದು ಇದ್ದರೂ ಒಳಗೆ ತಿಪಟೂರಿನ ಏಪ್ರಿಲ್. ವಿದ್ಯುತ್ತಿಲ್ಲ, ಪಂಪಿಲ್ಲ, ಸೆನ್ಸರಿಲ್ಲ. ಶೋಭಾ ಬಾಟಲಿಗೆ ನೀರು ತುಂಬುತ್ತಿದ್ದಳು. ನಾನು ಆ ಡಬ್ಬವನ್ನೇ ನೋಡುತ್ತ ನಿಂತೆ. ಹದಿನಾರು ಕಾಲಂನ ಹಾಳೆಯಲ್ಲಿ ಅದಕ್ಕೊಂದು ಸಾಲು ಇರಲಿಲ್ಲ. ಯಾಕಿರಲಿಲ್ಲ ಅಂತ ಪ್ರಾಮಾಣಿಕವಾಗಿ ಹೇಳಬೇಕಾದರೆ, ಅದು ಅಡುಗೆಮನೆಯ ವಿಷಯ, ಇದು ಎಂಜಿನಿಯರಿಂಗ್ ಅಂತ ತಲೆಯೊಳಗೆ ಎಂದೋ ಗೋಡೆ ಎಬ್ಬಿಸಿಕೊಂಡಿದ್ದೆ. ಅದರ ಮೇಲೇ ಕೂತು ಅದನ್ನೇ ಹುಡುಕುತ್ತಿದ್ದೆ.

"ಶೋಭಾ, ಈ ಡಬ್ಬ ಒಂದು ಗಂಟೆ ಕೊಡ್ತೀಯಾ?" ಅಂದೆ.

"ಹಿಟ್ಟು ಉಬ್ಬಿದ ಮೇಲೆ," ಅಂದಳು.

ಮಾರನೇ ದಿನ ಎಪ್ಪತ್ತು ಡಿಗ್ರಿಯ ನೀರು ತುಂಬಿ, ಶಾಲು ಹೊದಿಸಿ, ಒಂದು ಗಂಟೆ ಬಿಟ್ಟು ಅಳೆದೆ. ಒಂದು ಡಿಗ್ರಿ ಇಳಿದಿತ್ತು. ಎರಡನೇ ಸಲ ಅಳೆದೆ, ಮೂರನೇ ಸಲವೂ ಅಳೆದೆ, ಚಾಳಿ ಬಿಡುತ್ತದೆಯೇ. ಪ್ರತಿ ಸಲವೂ ಅಷ್ಟೇ. ಬಿಸಿಯನ್ನು ನಿಯಂತ್ರಿಸುವ ಅಗತ್ಯವೇ ಇರಲಿಲ್ಲ. ಸರಿಯಾಗಿ ಶುರು ಮಾಡಿ ಮುಚ್ಚಳ ಹಾಕಿದರೆ ಸಾಕಿತ್ತು. ಆಮೇಲೆ ತಿಳಿಯಿತು, ಮನೆಯಲ್ಲಿ ಬಿಯರ್ ಮಾಡುವ ಎಷ್ಟೋ ಜನ ಹೀಗೇ ಡಬ್ಬದಲ್ಲಿ ಮಾಡುತ್ತಾರಂತೆ. ನಾನು ಓದಿದ ಪುಟಗಳಲ್ಲೂ ಅದು ಇದ್ದಿರಬೇಕು. ಇಷ್ಟು ಸರಳವಾದದ್ದು ಕಣ್ಣಿಗೆ ಬಿದ್ದರೆ ಮುಂದಿನ ಪುಟಕ್ಕೆ ಹೋಗುವ ಜಾತಿ ನನ್ನದು.

ಶನಿವಾರ ಬೆಳಿಗ್ಗೆ ಡಬ್ಬವನ್ನು ಹೊತ್ತು ನೆಲಮಾಳಿಗೆಗೆ ಇಳಿದೆ. ರೋಲ್ಫ್ ಆಗಲೇ ಪಾತ್ರೆಗೆ ನೀರು ತುಂಬಿ, ಉಣ್ಣೆಪಟ್ಟಿ ಸುತ್ತಿ, ಒಲೆ ಹಚ್ಚಿದ್ದ. ಡಬ್ಬವನ್ನು ನೋಡಿದ. ಬಹಳ ಹೊತ್ತು ನೋಡಿ, "ಇದು ತಣ್ಣಗಿಡೋ ಡಬ್ಬ," ಅಂದ.

"ಅದಕ್ಕೆ ಗೊತ್ತಿಲ್ಲ," ಅಂದೆ.

ಅವನ ಭುಜ ಒಂದು ಸಲ ಕುಲುಕಿತು. ರೋಲ್ಫ್ ನಗುವುದು ಅಷ್ಟೇ. ನಾನು ದೊಡ್ಡ ಅಂಕಿಗಳ ಥರ್ಮಾಮೀಟರೊಂದನ್ನು ನೀರಿಗೆ ಇಳಿಬಿಟ್ಟೆ. ಅದೊಂದನ್ನು ಮಾತ್ರ ಹೆಚ್ಚು ಯೋಚಿಸದೆ ಒಂದೇ ಮಧ್ಯಾಹ್ನದಲ್ಲಿ ಕೊಂಡಿದ್ದೆ. ಅಂಕಿ ಅರವತ್ತಾಯಿತು, ಅರವತ್ತೆಂಟಾಯಿತು, ಎಪ್ಪತ್ತೆರಡಕ್ಕೆ ಬಂತು. ಇನ್ನು ನೀರನ್ನು ಡಬ್ಬಕ್ಕೆ ಸುರಿದು ಮಾಲ್ಟ್ ಬೆರೆಸಬೇಕು ಅಷ್ಟೆ. ರೋಲ್ಫ್ ಸುರಿಯಲಿಲ್ಲ. ಅವನ ಬಲಗೈ ತಾನಾಗಿಯೇ ಪಟ್ಟಿಯ ಕಡೆ ಹೋಯಿತು, ನಡುದಾರಿಯಲ್ಲಿ ನಿಂತಿತು, ವಾಪಸ್ಸು ಬಂದು ಜೇಬಿನೊಳಗೆ ಸೇರಿಕೊಂಡಿತು. ನಾನು ನೋಡಿಬಿಟ್ಟೆ. ನೋಡಬಾರದಿತ್ತು ಅನ್ನಿಸಿತು. ನಾಲ್ಕು ತಿಂಗಳು ನಾನು ಏನನ್ನು ಆರಿಸುತ್ತಿದ್ದೆ ಅಂತ ಅಲ್ಲಿ ಆ ಕ್ಷಣಕ್ಕೆ ಹೊಳೆಯಿತು. ಬಿಸಿಯನ್ನು ಹಿಡಿದಿಡುವ ಡಬ್ಬವನ್ನೇನೋ ತಂದಿದ್ದೆ. ಅವನಿಂದ ಹೋದದ್ದು ಅದಾಗಿರಲಿಲ್ಲ.

ರೋಲ್ಫ್ ಥರ್ಮಾಮೀಟರ್ ಕಡೆ ತಿರುಗದೆ, ನನ್ನ ಕಡೆ ತಿರುಗಿದ. ಮೊದಲ ದಿನ ಸೌಟು ಚಾಚಿದಾಗ ಇದ್ದ ಅದೇ ದನಿ.

"ಕೈಯಿಡು," ಅಂದ. "ಎಣಿಸು."

ಪಟ್ಟಿಯ ಮೇಲೆ ಅಂಗೈ ಊರಿದೆ. ಎಣಿಸುವುದು ಮಾತ್ರ ನನಗೆ ಇವತ್ತಿಗೂ ಕನ್ನಡದಲ್ಲೇ ಬರುವುದು. ಒಂದು, ಎರಡು, ಮೂರು. ಉಣ್ಣೆಯೊಳಗಿಂದ ಬಿಸಿ ನಿಧಾನವಾಗಿ ಏರಿ ಬಂತು. ನಾಲ್ಕು. ಐದಕ್ಕೆ ಕೈ ತೆಗೆದುಬಿಟ್ಟೆ. ಐದೇ ಆಯಿತು, ನನ್ನ ಕೈ ಕೀಬೋರ್ಡ್ ಕುಟ್ಟಿ ಮೆತ್ತಗಾಗಿದೆ, ಇನ್ನೊಂದು ಸಲ ಇಡುತ್ತೇನೆ ಅಂತ ಶುರು ಮಾಡಿದೆ. ಅವನು ತಲೆಯಾಡಿಸಿ ಮತ್ತೆ ಇಡು ಅಂದ. ಇಟ್ಟೆ. ಮತ್ತೆ ಐದು. ಮೂರನೇ ಸಲವೂ ಐದು. ಥರ್ಮಾಮೀಟರ್ ಎಪ್ಪತ್ತೆರಡೇ ತೋರಿಸುತ್ತಿತ್ತು.

"ಸರಿ," ಅಂದ ರೋಲ್ಫ್. "ನನ್ನ ಏಳು, ನಿನ್ನ ಐದು."

ಆಮೇಲೆ ನೀರು ಸುರಿದೆವು. ಮಾಲ್ಟ್ ಹಾಕಿದೆವು, ನಾನು ಕದಡಿದೆ, ವಾಸನೆ ಎದ್ದಿತು. ಅರವತ್ತಾರು. ಶೋಭಾಳ ಶಾಲು ಹೊದಿಸಿ ಮುಚ್ಚಳ ಹಾಕಿದೆವು. ಇನ್ನು ಒಂದು ಗಂಟೆ ಮಾಡಲು ಏನೂ ಇರಲಿಲ್ಲ. ಇಷ್ಟು ವರ್ಷ ಆ ಗಂಟೆಯಲ್ಲಿ ನಾವಿಬ್ಬರೂ ಪಾತ್ರೆಯ ಸುತ್ತ ಸುತ್ತುತ್ತಿದ್ದೆವು. ಈ ಸಲ ಎರಡು ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತ ಕೂತೆವು. ರೋಲ್ಫ್ ತನ್ನ ಅಪ್ಪ ಹೊಲದ ಕೆಲಸಕ್ಕೆ ಕುದುರೆ ಕಟ್ಟುತ್ತಿದ್ದ ವಿಷಯ ಹೇಳಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ನಾನು ನಮ್ಮಜ್ಜಿಯ ಗಂಜಿಯ ವಿಷಯ ಹೇಳಿದೆ. ಗಂಟೆ ಮುಗಿದು ಮುಚ್ಚಳ ತೆಗೆದರೆ ಅರವತ್ತೈದು. ಒಂದು ಚಮಚ ರುಚಿ ನೋಡಿ ಅವನು ಕಣ್ಣು ಮುಚ್ಚಿಕೊಂಡ. ನಾನೂ ನೋಡಿದೆ. ಸಿಹಿಯಾಗಿತ್ತು.

ಎಲ್ಲ ಮುಗಿಸಿ, ತೊಳೆದು, ಅವನು ನೋಟ್‌ಬುಕ್ ತೆಗೆದ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಮಕ್ಕಳು ಬರೆಯುವ ಹಾಗೆ ಒತ್ತಿ ಒತ್ತಿ, ದಿನಾಂಕ ಬರೆದ, ಮಾಲ್ಟಿನ ತೂಕ ಬರೆದ. ಹೋದ ವರ್ಷದ ಸಾಲಿನ ಕೊನೆಯಲ್ಲಿ ಬರೀ ಒಂದು ಗೆರೆ ಇತ್ತು. ಅದರ ಕೆಳಗೆ ಐದು ಅಂತ ಬರೆದು, ಪಕ್ಕದಲ್ಲಿ ನಾಗ್ಗೆ ಅಂತ ಬರೆದ. ಏಳುಗಳ ಉದ್ದ ಸಾಲಿನ ಕೆಳಗೆ ಆ ಐದು ಬೇರೆ ಊರಿಂದ ಬಂದವನ ಹಾಗೆ ನಿಂತಿತ್ತು.

ನಾನು ಡಬ್ಬ ಎತ್ತಿಕೊಂಡು ಹೊರಡುತ್ತಿದ್ದೆ. "ತಾಳು," ಅಂದ. ಬಾಟಲಿಗಳಿಗೆ ಹಚ್ಚುವ ಬಿಳಿಯ ಅಂಟುಪಟ್ಟಿಯ ಒಂದು ತುಂಡನ್ನು ಹರಿಯಲು ನೋಡಿದ, ಬೆರಳಿಗೆ ಸಿಗಲಿಲ್ಲ, ಹಲ್ಲಿನಿಂದ ಹರಿದ. ಅದರ ಮೇಲೆ ಏನೋ ಬರೆದು, ನನ್ನ ಬಲಗೈ ತಿರುಗಿಸಿ, ಹಿಂಗೈ ಮೇಲೆ ಅಂಟಿಸಿ, ತನಗೆ ಸ್ಪರ್ಶವೇ ತಿಳಿಯದ ಹೆಬ್ಬೆರಳಿನಿಂದ ನಾಲ್ಕು ಮೂಲೆಗಳನ್ನೂ ಒತ್ತಿದ. ನೋಡಿಕೊಂಡೆ. ಮುಂದಿನ ತಪಾಸಣೆ, ಅಕ್ಟೋಬರ್, ಮುಂದಿನ ವರ್ಷದ ಇಸವಿ.

ಅಲ್ಲಿಯವರೆಗೆ ನಿನ್ನ ಐದನ್ನು ನಂಬಬಹುದು ಅಂದ, ಆ ದಿನ ದಾಟಿದರೆ ನಂಬುವ ಹಾಗಿಲ್ಲ, ಮರೆಯದೆ ಬಾ ಅಂದ. ಆಮೇಲೆ ದೀಪ ಆರಿಸಿ, ನನಗಿಂತ ಮುಂದೆ ಮೆಟ್ಟಿಲು ಹತ್ತಿ, ಬೋರ್ಡಿನ ಪಕ್ಕದ ಪಟ್ಟಿಯಲ್ಲಿ ಹಾಬಿ ರೂಮಿಗೆ ಮುಂದಿನ ವರ್ಷದ ಅದೇ ಶನಿವಾರವನ್ನು ಬರೆಯಲು ನಿಂತ.

ಸಂಜೆ ಊಟಕ್ಕೆ ಕೂತಾಗ ಶೋಭಾ, ಡಬ್ಬಕ್ಕೆಲ್ಲ ಮಾಲ್ಟ್ ವಾಸನೆ ಹಿಡಿದಿದೆ, ಈ ವಾರದ ಇಡ್ಲಿ ಏನಾಗುತ್ತೋ ಅಂತ ಗೊಣಗುತ್ತ ಸಾರು ಬಡಿಸಿದಳು. ಅದಿತಿ ನನ್ನ ಕೈ ನೋಡಿ, ಅದೇನು ಅಂತ ಸ್ವೀಡಿಷ್‌ನಲ್ಲಿ ಕೇಳಿದಳು. ಏನಿಲ್ಲ, ಇನ್ನೊಂದು ವರ್ಷ ನಾನು ಸರಿಯಾಗಿದ್ದೇನೆ ಅಂತ ಅಂದೆ. ಊಟಕ್ಕೆ ಮುಂಚೆ ಕೈ ತೊಳೆದರೆ ಪಟ್ಟಿ ನೆನೆಯುತ್ತದೆ ಅಂತ ಹೆದರಿಕೆಯಾಗಿ, ಹುಟ್ಟಿದಾಗಿನಿಂದ ಸಾರನ್ನ ಕಲಸಿ ತಿಂದವನು, ಅಂದು ಚಮಚದಲ್ಲಿ ತಿಂದೆ.